ಬೀದರ್ ಸೀಮೆಯ ಬರಹ ಮತ್ತು ಮಾತು: ಡಿಜಿಟಲ್ ಸಂರಕ್ಷಣೆಯ ಚರಿತ್ರೆ

ಬೀದರ್ ಸೀಮೆಯ ಶಾಸನ, ಹಸ್ತಪ್ರತಿ, ವಚನ, ಕಂದಾಯ ದಫ್ತರ ಮತ್ತು ಆಡುಮಾತನ್ನು ಗಣಕಕ್ಕೆ ತರುವ ಕೆಲಸ ಕಳೆದ ಕೆಲವು ದಶಕಗಳದ್ದು. ಆದರೆ ಅದರ ಬೇರು ಅದಕ್ಕಿಂತ ಬಹಳ ಹಿಂದಿದೆ. ಬೀದರ್ ನಗರ, ಭಾಲ್ಕಿ, ಔರಾದ್, ಬೀದರ್ ತಾಲ್ಲೂಕಿನ ಮನ್ನಳ್ಳಿ ಹೋಬಳಿ ಸೇರಿದ ಈ ಪ್ರದೇಶದಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ದಖನಿ, ತೆಲುಗು, ಲಂಬಾಣಿ ಮಾತುಗಳು ಬಳಕೆಯಲ್ಲಿವೆ. ಇವೆಲ್ಲಕ್ಕೂ ದಾಖಲೆಯಲ್ಲಿ ಸಮಪಾಲು ಸಿಕ್ಕಿಲ್ಲ. ಒಂದು ಬರಹ ಉಳಿಯುವುದೋ ಅಳಿಯುವುದೋ ಎಂಬುದನ್ನು ಇಲ್ಲಿ ಅದರ ಯೋಗ್ಯತೆಗಿಂತ ಹೆಚ್ಚಾಗಿ ಪ್ರತಿ ಯಾರ ಕೈಯಲ್ಲಿತ್ತು, ಪಟ್ಟಿ ಬರೆದವರು ಯಾರು ಎಂಬುದೇ ತೀರ್ಮಾನಿಸುತ್ತ ಬಂದಿದೆ. ಕೃತಕ ಬುದ್ಧಿಮತ್ತೆಯ ಸುತ್ತ ಈಗ ಎದ್ದಿರುವ ನೈತಿಕ ಪ್ರಶ್ನೆಗಳೂ ಇದೇ ದಾರಿಯಲ್ಲಿ ಬಂದವು.

ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರ್‌ನಲ್ಲಿ ಕಟ್ಟಿಸಿದ ಮದರಸಾ 1472ರಲ್ಲಿ ಪೂರ್ಣಗೊಂಡಿತು. ಅದರ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂಬ ಹೇಳಿಕೆ ಇದೆ. ಮೊಘಲರ ಕಾಲದಲ್ಲಿ, 17ನೇ ಶತಮಾನದ ಕೊನೆಗೆ ನಡೆದ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಇವತ್ತು ಅಲ್ಲಿ ಓದಲು ಸಿಗುವುದು ಬಣ್ಣದ ಹೆಂಚಿನ ಮೇಲೆ ಉಳಿದ ಅಕ್ಷರಗಳು ಮಾತ್ರ. ಬೀದರ್‌ನ ಆಸ್ಥಾನದಲ್ಲಿ 15ನೇ ಶತಮಾನದ ಪೂರ್ವಾರ್ಧದಲ್ಲಿ ನಿಜಾಮಿ ಬರೆದ ‘ಕದಮ್ ರಾವ್ ಪದಮ್ ರಾವ್’ ದಖನಿಯ ಅತಿ ಹಳೆಯ ಕಾವ್ಯ. ಅದರ ಹಸ್ತಪ್ರತಿ ಉಳಿದದ್ದು ಕರಾಚಿಯಲ್ಲಿ. ಜಮೀಲ್ ಜಾಲಿಬಿ ಅದನ್ನು ಸಂಪಾದಿಸಿ 1973ರಲ್ಲಿ ಪ್ರಕಟಿಸಿದರು. ಹುಟ್ಟಿದ ಊರಿನವರು ತಮ್ಮ ಕಾವ್ಯವನ್ನು ನೋಡಬೇಕಾದರೆ ಗಡಿಯಾಚೆಯ ಪ್ರತಿಯನ್ನೇ ಆಶ್ರಯಿಸಬೇಕು.

ವ್ಯವಸ್ಥಿತ ದಾಖಲಾತಿ ಶುರುವಾದದ್ದು ನಿಜಾಮರ ಆಡಳಿತದಲ್ಲಿ. 1914ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಪುರಾತತ್ವ ಇಲಾಖೆಯನ್ನು ನಡೆಸಿದ ಗುಲಾಮ್ ಯಜ್ದಾನಿ ಬೀದರ್‌ನ ಸ್ಮಾರಕಗಳ ಮೇಲೆ ಬರೆದ ದೊಡ್ಡ ಗ್ರಂಥ 1947ರಲ್ಲಿ ಹೊರಬಂತು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿ ಸಂಪಾದಿಸಿದ್ದು 1958ರಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ಕಾಲದ ವಿಧಾನ ಪಡಿಯಚ್ಚು. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಗೆ ಕಾಗದ ಇಳಿಯುವಂತೆ ಬ್ರಷ್‌ನಿಂದ ಬಡಿದು, ಮೇಲೆ ಮಸಿ ತಟ್ಟುತ್ತಾರೆ. ಕಾಗದ ಎತ್ತಿದಾಗ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಎದ್ದು ಕಾಣುತ್ತದೆ. ಸವೆದ ಕಲ್ಲಿನಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದು, ಪರದೆಯ ಮೇಲೆ ಬೆಳಕಿನ ದಿಕ್ಕು ಬದಲಿಸಿ ಓದಿದರೆ ಪಡಿಯಚ್ಚಿಗೆ ದಕ್ಕದ ಗೆರೆಗಳೂ ಕಾಣಸಿಗುತ್ತವೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಾಲಯದಲ್ಲಿ ಶಿಲಾಬಾಲಿಕೆಯೊಬ್ಬಳು ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ತಾನೇ ಬರೆಯುತ್ತ ನಿಂತಿದ್ದಾಳೆ. ಅಕ್ಷರ ಮತ್ತು ಶಿಲ್ಪ ಒಂದಾಗಿರುವ ಇಂಥ ಕಡೆ ಬರಿಯ ಪಡಿಯಚ್ಚು ಅರ್ಧ ಸಂಗತಿಯನ್ನಷ್ಟೇ ಹೇಳೀತು.

ನಿಜಾಮರ ಕಾಲದಲ್ಲಿ ಕನ್ನಡ ಇಲ್ಲಿ ಅಧಿಕಾರದ ಭಾಷೆಯಾಗಿರಲಿಲ್ಲ. ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಸಂಗತಿ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಿದ್ದೂ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ಕನ್ನಡ ಪುಸ್ತಕಗಳನ್ನು ಜೋಪಾನ ಮಾಡಿತ್ತು. ಮುಂದೆ ಅವು ಸ್ಕ್ಯಾನ್ ಆಗಿ, 2000ದ ದಶಕದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪುಸ್ತಕಗಳ ಜೊತೆಗೆ ಅಂತರಜಾಲಕ್ಕೆ ಬಂದವು. ತೊಡಕಾದದ್ದು ಪಟ್ಟಿಯಲ್ಲಿ. ಕನ್ನಡ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದಿದ್ದರಿಂದ ಪುಸ್ತಕ ಎದುರಿಗಿದ್ದರೂ ಹುಡುಕಿದವರಿಗೆ ಸಿಗುತ್ತಿರಲಿಲ್ಲ. ‘ಸಂಚಯ’ ತಂಡದ ‘ಪುಸ್ತಕ ಸಂಚಯ’ ಈ ಹೆಸರುಗಳನ್ನು ಸ್ವಯಂಸೇವಕರಿಂದ ಕನ್ನಡದಲ್ಲಿ ಬರೆಸಿ ಹುಡುಕಾಟಕ್ಕೆ ಒದಗಿಸಿತು. ಡಿಜಿಟಲ್ ಲೈಬ್ರರಿಯ ಮೂಲ ತಾಣ ಮುಂದೆ ಮುಚ್ಚಿತಾದರೂ ಇಂಟರ್‌ನೆಟ್ ಆರ್ಕೈವ್‌ನ ಪ್ರತಿಗಳು ಉಳಿದವು. ದೂರದ ಒಂದೇ ಸರ್ವರನ್ನು ನಂಬಿಕೊಂಡರೆ ಏನಾಗುತ್ತದೆ ಎಂಬುದನ್ನು 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ನಡೆದ ಸೈಬರ್ ದಾಳಿ ತೋರಿಸಿತು. ಅದರ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ಸ್ತಬ್ಧವಾಗಿದ್ದವು.

ಅಕ್ಷರವನ್ನು ಗಣಕಕ್ಕೆ ಕಲಿಸಿದ ಕಥೆ ಇಡೀ ಕರ್ನಾಟಕದ್ದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಮುಖ್ಯ ಮಜಲುಗಳು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೂ ಹಳೆಯ ಫಾಂಟುಗಳಲ್ಲಿ ಟೈಪಾದ ರಾಶಿ ರಾಶಿ ಪುಟಗಳು ಪರಿವರ್ತನೆಯಾಗದೆ ಯಂತ್ರದ ಪಾಲಿಗೆ ಗೀಚು ಬರಹವಾಗಿಯೇ ಉಳಿದಿವೆ.

ಈ ಸೀಮೆಗೆ ತೀರ ಹತ್ತಿರದ ಪಠ್ಯವೆಂದರೆ ವಚನ. ಅದು ಬೆಳೆದ ಕಲ್ಯಾಣ ಇದೇ ಜಿಲ್ಲೆಯ ಬಸವಕಲ್ಯಾಣ. ಫ.ಗು. ಹಳಕಟ್ಟಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಮುದ್ರಿಸಿದರು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಾಗಿ 1993ರಲ್ಲಿ ಬಂತು. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮೊದಲಾದವರ ‘ವಚನ ಸಂಚಯ’ ಆ ಪಠ್ಯವನ್ನು ಯೂನಿಕೋಡ್‌ಗೆ ತಂದು, ಒಂದು ಪದ ಕೊಟ್ಟರೆ ಅದನ್ನು ಯಾವ ಶರಣ ಎಷ್ಟು ಬಾರಿ ಬಳಸಿದ್ದಾನೆ ಎಂದು ತೋರಿಸುವ ಅನುಕೂಲ ಮಾಡಿತು. ಪಂಡಿತರು ಕಾರ್ಡುಗಳ ಮೇಲೆ ವರ್ಷಾನುಗಟ್ಟಲೆ ಬರೆದಿಟ್ಟುಕೊಳ್ಳುತ್ತಿದ್ದ ಪದಸೂಚಿ ಈಗ ಯಾರಿಗಾದರೂ ಕ್ಷಣದಲ್ಲಿ ಸಿಗುತ್ತದೆ.

ವಚನದ ಗುರುತು ಇರುವುದು ಅಂಕಿತದಲ್ಲಿ. ಮಾತೆ ಮಹಾದೇವಿ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಪ್ರಕರಣದಲ್ಲಿ ಬದಲಿಸಿದವರು ಯಾರೆಂದು ಗೊತ್ತಿತ್ತು, ಕಾರಣವನ್ನೂ ಅವರು ಹೇಳಿದ್ದರು. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳ ವಿಚಾರ ಹಾಗಲ್ಲ. ಬಸವಣ್ಣನ ಧಾಟಿಯಲ್ಲಿ ಹೊಸ ಸಾಲು ಹೆಣೆದು ಕೊನೆಗೆ ಅಂಕಿತ ಅಂಟಿಸುವುದು ಅವುಗಳಿಗೆ ಸಲೀಸು. ಅದು ವಾಟ್ಸ್ಯಾಪಿಗೆ ಬಿದ್ದರೆ ಬರೆದವರನ್ನು ಕೇಳಲು ವಿಳಾಸವೇ ಇಲ್ಲ. ಪಾಠಾಂತರ, ಪ್ರಕ್ಷಿಪ್ತಗಳ ಜಗಳ ವಚನ ಸಂಪಾದನೆಗೆ ಹೊಸದಲ್ಲವಾದರೂ, ಹಸ್ತಪ್ರತಿಯ ಆಧಾರವೇ ಇಲ್ಲದ ಪ್ರಕ್ಷಿಪ್ತವನ್ನು ಹಿಂದಿನ ಸಂಪಾದಕರು ಎದುರಿಸಿರಲಿಲ್ಲ. ಆಕರ ತೋರಿಸದ ವಚನವನ್ನು ಒಪ್ಪದಿರುವುದೇ ಸದ್ಯಕ್ಕೆ ಇರುವ ಮದ್ದು.

ಮನ್ನಳ್ಳಿಯಂಥ ಊರಿನಲ್ಲಿ ಡಿಜಿಟಲೀಕರಣ ಮೊದಲು ಕಂಡದ್ದು ಪಹಣಿಯ ರೂಪದಲ್ಲಿ. ಶತಮಾನ ಬದಲಾಗುವ ಹೊತ್ತಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಅದು ಏರಿಸಿದ್ದು ಆಗ ಚಾಲ್ತಿಯಲ್ಲಿದ್ದ ನಮೂದನ್ನು ಮಾತ್ರ. ಹಿಂದಿನ ಹಕ್ಕು, ಇನಾಮು, ತಕರಾರುಗಳು ಉರ್ದು ಕಾಗದಗಳಲ್ಲಿ, ಮರಾಠಿಯ ಮೋಡಿ ಲಿಪಿಯಲ್ಲಿ ಉಳಿದವು. ಮೋಡಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೇ 2014ರಲ್ಲಿ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ 2024ರಲ್ಲಿ ಶುರುವಾದ ಮೇಲೆ ಗೆದ್ದಲು, ಕಳವು, ತಿದ್ದುವಿಕೆಗಳ ಭಯ ಕಡಿಮೆಯಾಗಬಹುದು. ಓದಲು ಬರುವವರಿಲ್ಲದ ಹಾಳೆ ಮಾತ್ರ ಸ್ಕ್ಯಾನ್ ಆದ ಮೇಲೂ ಬರಿಯ ಚಿತ್ರವೇ.

ಮಾತಿನ ಸಂಗ್ರಹ ಇತ್ತೀಚಿನದು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್ ನೆರವಿನಲ್ಲಿ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಧ್ವನಿ ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ. ಅದರಲ್ಲಿ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸುತ್ತಾರೆ. ಭಾಷೆಯ ಹೆಸರಿಗಿಂತ ಜಿಲ್ಲೆಯನ್ನು ಅಳತೆಗೋಲು ಮಾಡಿಕೊಂಡದ್ದು ಬೀದರ್‌ನಂಥ ಕಡೆಗೆ ಒಳ್ಳೆಯದೇ. ಆದರೆ ‘ಮಾಡ್ಲತ್ತಾರ’, ‘ಹೋಗ್ಲತ್ತೀನಿ’ ಎಂದವರ ಮಾತನ್ನು ಬರಹಕ್ಕಿಳಿಸುವವರು ‘ಮಾಡುತ್ತಿದ್ದಾರೆ’, ‘ಹೋಗುತ್ತಿದ್ದೇನೆ’ ಎಂದು ತಿದ್ದಿಬಿಟ್ಟರೆ ಯಂತ್ರ ಕಲಿಯುವುದು ಪಠ್ಯಪುಸ್ತಕದ ಕನ್ನಡವನ್ನೇ.

ಧ್ವನಿ ಕೊಟ್ಟವರಿಗೆ ಸಲ್ಲಬೇಕಾದದ್ದರ ಬಗ್ಗೆ ಎರಡು ಮಾದರಿಗಳು ಚರ್ಚೆಯಲ್ಲಿವೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಕನ್ನಡ ಓದಿಸಿ ಧ್ವನಿ ಮುದ್ರಿಸಿಕೊಂಡು, ಸ್ಥಳೀಯ ಕೂಲಿಗಿಂತ ಎಷ್ಟೋ ಹೆಚ್ಚು ಹಣ ಕೊಟ್ಟಿತು. ದತ್ತಾಂಶ ಮತ್ತೆ ಮಾರಾಟವಾದಾಗ ಓದಿದವರಿಗೆ ಗೌರವಧನದ ಪಾಲೂ ಇದೆ. ನ್ಯೂಜಿಲೆಂಡಿನ ಮಾವೋರಿ ಬಾನುಲಿ ಸಂಸ್ಥೆ ‘ತೆ ಹಿಕು ಮೀಡಿಯಾ’ ಇನ್ನೂ ಮುಂದೆ ಹೋಗಿ, ಸಮುದಾಯದ ಒಪ್ಪಿಗೆಯಿಲ್ಲದೆ ಧ್ವನಿಭಂಡಾರ ಬಳಸಕೂಡದೆಂದು ತನ್ನದೇ ಪರವಾನಗಿ ಬರೆದುಕೊಂಡಿದೆ. ಯುನೆಸ್ಕೊ 2021ರ ನವೆಂಬರ್‌ನಲ್ಲಿ ಅಂಗೀಕರಿಸಿದ ಕೃತಕ ಬುದ್ಧಿಮತ್ತೆಯ ನೀತಿ ಶಿಫಾರಸು ಭಾಷಾ ವೈವಿಧ್ಯದ ಮಾತಾಡುತ್ತದಾದರೂ ಅದಕ್ಕೆ ಕಾನೂನಿನ ಬಲವಿಲ್ಲ.

ಕೇಂದ್ರ ಸರ್ಕಾರ 2022ರಲ್ಲಿ ಬಿಡುಗಡೆ ಮಾಡಿದ ‘ಭಾಷಿಣಿ’ ಮುಖ್ಯವಾಗಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನು ಆಧರಿಸಿದೆ. ಕನ್ನಡ, ಮರಾಠಿ, ಉರ್ದು, ತೆಲುಗು ಆ ಪಟ್ಟಿಯಲ್ಲಿವೆ. ಔರಾದ್ ತಾಂಡಾಗಳ ಲಂಬಾಣಿ ಇಲ್ಲ. ದಖನಿಗೆ ಉರ್ದುವಿನಿಂದ ಬೇರೆಯಾದ ನಮೂದೂ ಇಲ್ಲ.