ತುರುಚೆಗಿಡದ ಮೇಲಿನ ಊರು

ಗ್ವಾಟೆಮಾಲದ ಗುಡ್ಡಸೀಮೆಯಲ್ಲಿ, ಮಾಯಾ ನುಡಿಗಳಲ್ಲೊಂದಾದ ಕಿಚೆ ಮಾತಾಡುವವರ ಸಂತೆಯೂರೊಂದಿದೆ: ಚಿಚಿಕಾಸ್ತೆನಾಂಗೊ. ಗುರುವಾರ, ಭಾನುವಾರ ಅಲ್ಲಿ ಸಂತೆ. ಇಷ್ಟುದ್ದದ ಹೆಸರು ಆಡುಮಾತಿನಲ್ಲಿ ಸವೆದು ಬರೀ ‘ಚಿಚಿ’ ಆಗಿದೆ; ಪದಪ್ರಿಯರಾದ ನಾವು ಅದನ್ನು ಪೂರ್ತಿ ಬಿಡಿಸಿಯೇ ನೋಡೋಣ.

ಈ ಹೆಸರು ಕಿಚೆಯದಲ್ಲ, ಸ್ಪ್ಯಾನಿಷಿನದೂ ಅಲ್ಲ. 1524ರಲ್ಲಿ ಸ್ಪ್ಯಾನಿಷ್ ದಂಡನಾಯಕ ಪೆದ್ರೊ ದೆ ಆಲ್ವರಾದೊ ದಂಡೆತ್ತಿ ಬಂದಾಗ ಅವನ ಜೊತೆಗೂಡಿದ್ದ ಮೆಕ್ಸಿಕೊದ ಯೋಧರ ನಾವಾತ್ಲ್ ನುಡಿಯದು. ತ್ಸಿತ್ಸಿಕಾಸ್ತ್ಲಿ ಎಂದರೆ ಸೋಕಿದರೆ ಸಾಕು, ಮೈ ಉರಿಸಿ ದದ್ದೆಬ್ಬಿಸುವ ತುರುಚೆಗಿಡ. ತೆನಾಮಿತ್ಲ್ ಎಂದರೆ ಪ್ರಾಕಾರ, ಕೋಟೆಗೋಡೆ. ಕೊನೆಯ ‘ಕೊ’ ಸಪ್ತಮಿಯ ಅರ್ಥ ಕೊಡುವ ಪ್ರತ್ಯಯ. ಸ್ಪ್ಯಾನಿಷ್ ನಾಲಗೆಯಲ್ಲಿ ‘ತ್ಸ’ಗಳು ಚಕಾರವಾದವು, ಅನುನಾಸಿಕಕ್ಕೆ ತಾಗಿದ ‘ಕೊ’ ಮೆದುವಾಗಿ ‘ಗೊ’ ಆಯಿತು. ಆದೇಶಸಂಧಿಯ ಗಕಾರವನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ. ಆದರೆ ಒಂದು ಸೂಕ್ಷ್ಮವಿದೆ. ಮಧ್ಯ ಅಮೆರಿಕದ ಸ್ಪ್ಯಾನಿಷಿನಲ್ಲಿ ಆ ಗಿಡಕ್ಕೆ ಇವತ್ತಿಗೂ ‘ಚಿಚಿಕಾಸ್ತೆ’ ಎನ್ನುತ್ತಾರೆ, ಊರ ಹೆಸರಿನಲ್ಲೂ ಅದೇ ಇಡಿಯಾಗಿ ಕೂತಿದೆ ಅನ್ನಿಸುತ್ತದೆ, ಹಾಗಿಲ್ಲ. ಗಿಡದ ‘ತೆ’ ನಾಮಪದಕ್ಕೆ ಹತ್ತಿದ ‘ತ್ಲಿ’ ಪ್ರತ್ಯಯದ ಅವಶೇಷ (ತೊಮಾತ್ಲ್ ಎಂಬುದು ‘ತೊಮಾತೆ’ಯಾಗಿ ನಮ್ಮ ಟೊಮ್ಯಾಟೊವರೆಗೆ ನಡೆದು ಬಂದದ್ದು ಇದರ ಸೋದರ ‘ತ್ಲ್’ ಸವೆದ ದಾರಿಯಲ್ಲೇ). ಸಮಾಸದಲ್ಲಿ ಆ ಪ್ರತ್ಯಯ ಲೋಪವಾಗುವುದರಿಂದ, ಊರಿನ ‘ತೆ’ ಗೋಡೆಯ ಸ್ವತ್ತು.

ಹೊರಗಿನವರು ಇಟ್ಟ ಹೆಸರಾದರೂ ಇದು ಅವರ ಕಲ್ಪನೆಯಲ್ಲ. ಕಿಚೆ ಜನ ಊರನ್ನು ಮೊದಲಿನಿಂದ ಕರೆದದ್ದು ‘ಚುವಿ ಲಾ’ ಎಂದು: ‘ಲಾ’ ಅದೇ ತುರುಚೆ, ‘ಚುವಿ’ ಎಂದರೆ ಮೇಲೆ, ನೆತ್ತಿಯಲ್ಲಿ. ಹತ್ತಿರದ ‘ಚುವಿ ಮೆಕಿನಾ’, ಅಂದರೆ ಬಿಸಿನೀರಿನ ಮೇಲಿನ ಊರು, ನಾವಾತ್ಲಿನಲ್ಲಿ ತೊತೊನಿಕಾಪಾನ್ ಆದದ್ದೂ ಹೀಗೆಯೇ, ಅರ್ಥವನ್ನು ಉಳಿಸಿಕೊಂಡೇ.

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಆ ಗೋಡೆಯ ಕಥೆ. ತೆನಾಮಿತ್ಲ್ ಕಿಚೆಯೊಳಗೆ ಹೊಕ್ಕು ‘ತಿನಾಮಿತ್’ ಆಗಿ, ಗೋಡೆಯ ಅರ್ಥ ಕಳಚಿಕೊಂಡು, ಪಟ್ಟಣ ಎಂಬ ಅರ್ಥದಲ್ಲಿ ನೆಲೆನಿಂತಿತು. ವೇದದಲ್ಲಿ ಕೋಟೆಯಾಗಿದ್ದ ‘ಪುರ್’ ಮುಂದೆ ನಮ್ಮ ‘ಪುರ’ವಾದದ್ದೂ ಇದೇ ಬಗೆಯ ಅರ್ಥವಿಸ್ತಾರ. ಕಣಿವೆಯನ್ನೂ ಕೋಟೆಯೂರನ್ನೂ ಜೋಡಿಸಿದ ‘ಸಿವಾನ್ ತಿನಾಮಿತ್’ ಎಂಬ ಜೋಡುನುಡಿ ಕಿಚೆ ಜನರ ಪುರಾಣಗ್ರಂಥವಾದ ಪೋಪೋಲ್ ವೂಹ್‌ನಲ್ಲೇ ಸಿಗುತ್ತದೆ.

ಊರಿನ ಪೋಷಕ ಸಂತ ತೋಮಾಸ್, ಹಬ್ಬ ಡಿಸೆಂಬರ್ 21ಕ್ಕೆ. ಅವನ ಇಗರ್ಜಿಯ ಮೆಟ್ಟಿಲುಗಳ ಮೇಲೆ ಕಿಚೆ ಹಿರಿಯರು ಧೂಪ ಹಾಕುತ್ತಾರೆ. ಅದಕ್ಕೆ ಮಾಯಾ ಮಾತಿನಲ್ಲಿ ‘ಪೋಮ್’, ನಾವಾತ್ಲಿನಿಂದ ಬಂದ ಹೆಸರಲ್ಲಿ ‘ಕೊಪಾಲ್’. ತೋಮಾಸ್ ಕಿಚೆ ಬಾಯಲ್ಲಿ ‘ಮಾಷ್’ ಆದ, ಅದಕ್ಕೆ ಸ್ಪ್ಯಾನಿಷ್ ತದ್ಧಿತ ಸೇರಿ ಊರವರು ‘ಮಾಷೆನ್ಯೊ’ಗಳಾದರು. ತೋಮಾಸ್ ಮೂಲದಲ್ಲಿ ಅರಮಾಯಿಕ್ ಪದ, ಅರ್ಥ ಅವಳಿ. ಅವಳಿ ವೀರರ ಕಥೆ ಹೇಳುವ ಪೋಪೋಲ್ ವೂಹ್ ಇದೇ ಊರಲ್ಲಿ ಸಿಕ್ಕಿದ್ದು ಆಕಸ್ಮಿಕವೇ ಇರಲಿ, ಹಿತವಾದ ಆಕಸ್ಮಿಕ.

ಅದನ್ನು 18ನೆಯ ಶತಮಾನದ ಆರಂಭದಲ್ಲಿ ಕಿಚೆಯಲ್ಲೇ ನಕಲು ಮಾಡಿ, ಪಕ್ಕದಲ್ಲೇ ಸ್ಪ್ಯಾನಿಷಿಗೆ ತಂದವನು ಊರಿನ ಪಾದ್ರಿ ಫ್ರಾನ್ಸಿಸ್ಕೊ ಹಿಮೆನೆಸ್. ಹಸ್ತಪ್ರತಿಯ ಶೀರ್ಷಿಕೆಯಲ್ಲಿ ಅವನು ಚಿಚಿಕಾಸ್ತೆನಾಂಗೊ ಎಂದು ಬರೆಯಲಿಲ್ಲ, ‘ಸಾಂತೊ ತೋಮಾಸ್ ಚುಯಿಲಾ’ ಎಂದೇ ಬರೆದ. ಆ ಪ್ರತಿ ಈಗ ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿದೆ.