ಚೋಮನಿಗೆ ಏನು ಬೇಕಿತ್ತು?

ನಮ್ಮಲ್ಲಿ ಯಾರಾದರೂ ಕತೆ ಬರೆಯಲು ಕೂತರೆ ಮೊದಲು ಬರುವುದು ಇಂಥದ್ದೇ ಸಾಲು: ‘ಅವನೊಬ್ಬ ಬಡ ಕೂಲಿಯಾಳು.’ ಸುದ್ದಿ ಬರೆದು ಬರೆದು ಬಂದ ಅಭ್ಯಾಸ. ಸುದ್ದಿಗೆ ಅಷ್ಟು ಸಾಕು, ಕತೆಗೆ ಸಾಲದು. ಆ ಕೂಲಿಯವನಿಗೆ ಏನು ಆಸೆ, ಸಿಟ್ಟು ಬಂದರೆ ಏನು ಮಾಡುತ್ತಾನೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಹಿಂದಿನವರು ಈ ಕೆಲಸ ಹೇಗೆ ಮಾಡಿದರು ಎಂದು ನೋಡಲು ನಾವು ಮತ್ತೆ ಓದಿದ್ದು ‘ಚೋಮನ ದುಡಿ’.

ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕಾರಂತರು ಕೋಟದ ಬ್ರಾಹ್ಮಣ ಮನೆತನದವರು. ಗಾಂಧಿ ಕರೆಗೆ ಕಾಲೇಜು ಬಿಟ್ಟವರು, ಊರೂರು ಸುತ್ತಿದವರು. ಚೋಮನೋ ಅಸ್ಪೃಶ್ಯ, ಜೀತದಾಳು. ಈ ಇಬ್ಬರ ನಡುವೆ ಅಂಗಳವಿತ್ತು, ಬೇಲಿಯಿತ್ತು. ಅಷ್ಟು ದೂರದಲ್ಲಿದ್ದವನ ಮನಸ್ಸು ಇವರಿಗೆ ಗೊತ್ತಾದದ್ದು ಹೇಗೆ?

ನಮಗೆ ಕಂಡದ್ದು ಇಷ್ಟು. ಕಾರಂತರು ಚೋಮನ ಬಡತನದಿಂದ ಶುರು ಮಾಡಲಿಲ್ಲ, ಅವನ ಆಸೆಯನ್ನು ಹಿಡಿದರು. ಚೋಮನಿಗೆ ಹಣ ಬೇಡ, ಮರುಕ ಬೇಡ. ಒಂದು ತುಂಡು ಗದ್ದೆ ಗೇಣಿಗೆ ಬೇಕು, ತಾನೇ ಉಳಬೇಕು. ಕಾಡಿನಲ್ಲಿ ದಾರಿ ತಪ್ಪಿ ಸಿಕ್ಕಿದ ಎತ್ತಿನ ಜೋಡಿಯನ್ನು ಸಾಕಿಕೊಂಡಿದ್ದಾನೆ. ಎತ್ತುಗಳಿವೆ, ಉಳಲು ಹೊಲವಿಲ್ಲ. ಮಾರಲು ಮನಸ್ಸು ಬರುವುದಿಲ್ಲ. ನೀವು ದನ ಸಾಕಿದವರಾದರೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಒಡೆಯ ಸಂಕಪ್ಪಯ್ಯನನ್ನೂ ರಾಕ್ಷಸ ಮಾಡಿಲ್ಲ. ಚೋಮನ ಜಾತಿಯವರು ಉಳುವುದು ಊರಿನ ರೂಢಿಯಲ್ಲಿಲ್ಲ. ಒಳ್ಳೆಯ ಒಡೆಯನೂ ಆ ರೂಢಿ ದಾಟುವುದಿಲ್ಲ.

ಇನ್ನೊಂದು ಸಂಗತಿ ನಾವು ಮೊದಲ ಓದಿನಲ್ಲಿ ಗಮನಿಸಿರಲಿಲ್ಲ. ಆ ಸೀಮೆಯ ಚೋಮನಂಥವರ ಮನೆಮಾತು ತುಳು. ಪುಸ್ತಕದ ಚೋಮ ಆಡುವುದು ಕನ್ನಡ. ಅಂದರೆ ಅವನ ಸ್ವಂತ ಮಾತು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಅವನದ್ದೇ ಆಗಿ ಉಳಿದಿರುವುದು ದುಡಿ ಎಂಬ ವಾದ್ಯ. ಖುಷಿಯಾದರೂ ಬಾರಿಸುತ್ತಾನೆ, ಒಡೆಯನ ಮುಂದೆ ಆಡಲಾಗದ ಸಿಟ್ಟನ್ನೂ ಅದರ ಮೇಲೇ ತೀರಿಸಿಕೊಳ್ಳುತ್ತಾನೆ. ಮಗ ನೀರಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಎಂದು ದಡದಲ್ಲಿದ್ದವರು ಕೈ ಕೊಡುವುದಿಲ್ಲ. ಕೊನೆಗೆ ಎಲ್ಲ ಕಳೆದುಕೊಂಡು, ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಕಾರಂತರಿಗೆ ಚೋಮನ ಒಳಗು ಪೂರ್ತಿ ಗೊತ್ತಿತ್ತು ಎಂದು ನಾವು ಹೇಳುವುದಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಅವನ ಬಾಯಿಗೆ ದೊಡ್ಡ ಮಾತು ತುರುಕದೆ ದುಡಿ ಕೊಟ್ಟದ್ದು ನಮಗೆ ದೊಡ್ಡದಾಗಿ ಕಂಡಿತು.

ಆಸೆಯನ್ನು ಅಷ್ಟು ಖಚಿತವಾಗಿ ಹಿಡಿದಿದ್ದರಿಂದ ಆದದ್ದನ್ನು ನೋಡಿ. ‘ಉಳುವವನೇ ಹೊಲದೊಡೆಯ’ ಎಂಬ ಭೂಸುಧಾರಣೆ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಮರುವರ್ಷ ಬಿ.ವಿ. ಕಾರಂತರ ‘ಚೋಮನ ದುಡಿ’ ಸಿನಿಮಾ ಬಂತು. ಅದಕ್ಕೆ ಸ್ವರ್ಣಕಮಲ, ಚೋಮನಾಗಿದ್ದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರ ಮಟ್ಟದ ಉತ್ತಮ ನಟ ಪ್ರಶಸ್ತಿ. ಆದರೆ ಆ ಕಾನೂನಿನಿಂದ ಹೊಲ ಸಿಕ್ಕಿದ್ದು ಗೇಣಿದಾರರಿಗೆ. ಚೋಮ ಗೇಣಿದಾರನಾಗಿರಲೇ ಇಲ್ಲ, ಅದನ್ನೇ ಬೇಡುತ್ತಾ ಸತ್ತವನು. 1974ರಲ್ಲಿ ಬದುಕಿದ್ದಿದ್ದರೂ ಅರ್ಜಿ ಹಾಕಲು ಅವನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ‘ಬಡ ಕೂಲಿಯಾಳು’ ಎಂದು ಬರೆದು ಬಿಟ್ಟಿದ್ದರೆ ಈ ವ್ಯತ್ಯಾಸ ನಮಗೆ ಕಾಣುತ್ತಿತ್ತೇ?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬಗ್ಗೆ ಇಲ್ಲಿ ಒಂದೇ ಮಾತು: ಅದರಲ್ಲಿ ಆಳಿನ ಮಗನಾದ ಗುತ್ತಿಗೆ ಸದಾ ಜೊತೆಗಿರುವ ನಾಯಿ ಹುಲಿಯನಿಂದ ‘ನಾಯಿಗುತ್ತಿ’ ಎಂಬ ಹೆಸರು. ಊರುಗಳಲ್ಲಿ ಜನ ಒಬ್ಬರನ್ನೊಬ್ಬರು ಗುರುತಿಸುವುದು ಹಾಗೆಯೇ ತಾನೆ?

ಆಮೇಲೆ ಬೇಲಿಯ ಆಚೆಯಿಂದಲೇ ಬರೆಯುವವರು ಬಂದರು. ನಂಜನಗೂಡು ತಾಲ್ಲೂಕಿನ ದೇವನೂರಲ್ಲಿ ಹುಟ್ಟಿದ ದೇವನೂರ ಮಹಾದೇವ ‘ಒಡಲಾಳ’ ಬರೆದರು. ಅದರ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಹುಡುಕುವ ಮುದುಕಿ, ಆಡುವುದು ಆ ಸೀಮೆಯದೇ ಮಾತು. ಒಂದು ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತದೆ. ಎಲ್ಲರೂ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ. ಹಸಿದವರ ಮನೆಯ ಕತೆ ಎಂದರೆ ಅಳುವೇ ಇರಬೇಕು ಎಂದುಕೊಂಡಿದ್ದ ನಮಗೆ ಅಲ್ಲಿ ಸಿಕ್ಕಿದ್ದು ಸಂಭ್ರಮ, ನಗು. ಹೊರಗಿನಿಂದ ನೋಡುವವರಿಗೆ ಆ ನಗು ಕಾಣುವುದು ಕಷ್ಟ. ಚೋಮನ ಮನೆಯಲ್ಲೂ ಅಂಥ ರಾತ್ರಿಗಳು ಇನ್ನಷ್ಟು ಇದ್ದಿರಬೇಕು ಎಂದು ನಮಗೆ ಅನ್ನಿಸಿದ್ದು ‘ಒಡಲಾಳ’ ಓದಿದ ಮೇಲೆಯೇ.

ನಮ್ಮ ‘ಬಡ ಕೂಲಿಯಾಳು’ ಇನ್ನೂ ನೋಟ್‌ಬುಕ್ಕಿನಲ್ಲೇ ಇದ್ದಾನೆ. ಅವನ ಹೆಸರಿನ ಕೆಳಗೆ ಈಗ ಎರಡು ಪ್ರಶ್ನೆ ಬರೆದಿದ್ದೇವೆ: ಸಂಜೆ ಮನೆಗೆ ಬಂದವನು ಮೊದಲು ಯಾರನ್ನು ಮಾತಾಡಿಸುತ್ತಾನೆ? ಯಾವುದನ್ನು ಮಾರು ಎಂದರೂ ಮಾರುವುದಿಲ್ಲ?