ಐಪಾಡ್ ನಮ್ಮ ಹಾನಗಲ್ಲಿಗೆ ಯಾಕ ಬರಲಿಲ್ಲ?

ಇವತ್ತಿನ ಕಂತು ಕಿಸೆಯೊಳಗಿನ ಹಾಡಿನ ಬಗ್ಗೆ. ವಾಕ್‌ಮನ್, ಐಪಾಡ್, ಎಂಪಿ3 ಪ್ಲೇಯರ್ ಕಂಪನಿಗಳ ಪೈಪೋಟಿಯಲ್ಲಿ ಗೆದ್ದವರು ಯಾರು ಅಂದ್ರ, ಚಲೋ ಡಬ್ಬಿ ಮಾಡಿದವರು ಅಂತ ಬಹಳ ಮಂದಿ ಹೇಳ್ತಾರ. ನಾನು ಬಿ.ಕಾಂ ಓದಿದವ, ನನಗ ಲೆಕ್ಕ ಬೇರೆ ಕಾಣಸ್ತೈತಿ. ಡಬ್ಬಿಯೊಳಗ ಹಾಡು ಹೋಗೋ ದಾರಿ ಯಾರ ಕೈಯಾಗಿತ್ತೋ, ಮಾರುಕಟ್ಟೆ ಅವರದಾಯ್ತು.

ಗ್ರಾಮೊಫೋನಿನಿಂದ ಶುರು ಮಾಡೋಣು. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ, ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆ ಮಾರುತ್ತಿತ್ತು. ಪ್ಲೇಟೂ ಅವರದೇ. ಹಾನಗಲ್ ಹೆಸರನ್ನು ಜಗತ್ತಿಗೆ ಮುಟ್ಟಿಸಿದ ಗಂಗೂಬಾಯಿಯವರ ಮೊದಮೊದಲ ಧ್ವನಿಮುದ್ರಿಕೆಗಳು ಬಂದದ್ದೂ ಎಚ್‌ಎಂವಿಯಿಂದಲೇ. ಆಗ ಅವುಗಳ ಮೇಲಿದ್ದ ಹೆಸರು ‘ಗಾಂಧಾರಿ’. ಪೆಟ್ಟಿಗೆಯೂ ಹಾಡೂ ಒಂದೇ ಅಂಗಡಿಯವು ಅಂದ ಮ್ಯಾಲೆ ರೇಟು ಹೇಳೋರು ಯಾರು ಅಂತ ಬ್ಯಾರೆ ಹೇಳಬೇಕಾಗಿಲ್ಲ.

ಆ ಹಿಡಿತ ಸಡಿಲಾದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ 1963ರಲ್ಲಿ ಕ್ಯಾಸೆಟ್ ತಂದು, ಅದನ್ನು ಮಾಡುವ ಹಕ್ಕನ್ನು ಬೇರೆ ಕಂಪನಿಗಳಿಗೂ ಪುಕ್ಕಟೆ ಬಿಟ್ಟುಕೊಟ್ಟಿತು. 1979ರ ಜುಲೈ 1ರಂದು ಸೋನಿ ಜಪಾನಿನಲ್ಲಿ ವಾಕ್‌ಮನ್ ಬಿಡುಗಡೆ ಮಾಡಿತು. ನಮ್ಮ ದೇಶದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳನ್ನು ಪಾನ್ ಅಂಗಡಿ, ಕಿರಾಣಿ ಅಂಗಡಿಗೂ ಮುಟ್ಟಿಸಿ ಎಚ್‌ಎಂವಿಯ ದರ್ಬಾರು ಮುಗಿಸಿತು. ನಮ್ಮ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫಜ್ಜನ ಪದಗಳು ಸಿ. ಅಶ್ವತ್ಥ್ ಅವರ ದನಿಯಲ್ಲಿ ನಾಡೆಲ್ಲ ತಿರುಗಿದ್ದೂ ಕ್ಯಾಸೆಟ್ಟಿನಲ್ಲೇ. ನಮ್ಮ ಕಡೆ ವಾಕ್‌ಮನ್ ಇದ್ದವರು ಬೆರಳೆಣಿಕೆ. ಟೂ-ಇನ್-ಒನ್ ಇಟ್ಟು ಓಣಿಗೆಲ್ಲ ಕೇಳಿಸೋದೇ ನಮ್ಮ ಪದ್ಧತಿ. ಒಬ್ಬನೇ ಕಿವಿಗೆ ಸಿಗಿಸಿಕೊಂಡು ಕೂತ್ರ ‘ಇವಂಗೇನಾತು’ ಅಂತಿದ್ರು!

ಈಗ ಮಜಾ ಕೇಳ್ರಿ. ಎಂಪಿ3 ಬಂದಾಗ ಗೆಲ್ಲಬೇಕಾದವರು ಸೋನಿಯವರು. ಹೆಸರಿತ್ತು, ಕಾರ್ಖಾನೆ ಇತ್ತು. ಆದರೆ 1988ರಲ್ಲಿ ಅವರು ಸಿಬಿಎಸ್ ರೆಕಾರ್ಡ್ಸ್ ಕೊಂಡಿದ್ದರು, ಅಂದ್ರ ಹಾಡು ಮಾರೋ ಧಂದೆನೂ ಅವರದೇ ಆಗಿತ್ತು. ನಕಲಾದೀತು ಅನ್ನೋ ಹೆದರಿಕೆಗೆ 1999ರಿಂದ ತಂದ ಡಿಜಿಟಲ್ ವಾಕ್‌ಮನ್‌ಗಳಲ್ಲಿ ಎಂಪಿ3 ನೇರವಾಗಿ ಓಡುತ್ತಿರಲಿಲ್ಲ. ಸೋನಿಯದೇ ಅಟ್ರ್ಯಾಕ್ ಎಂಬ ಮಾದರಿಗೆ ಬದಲಿಸಿ ತುಂಬಬೇಕು. ಆ ಹಟ ಬಿಟ್ಟದ್ದು 2004ರ ಕೊನೆಗೆ. ಅಷ್ಟರಲ್ಲಿ ಆ್ಯಪಲ್ 2001ರ ಅಕ್ಟೋಬರಿನಲ್ಲಿ 399 ಡಾಲರಿನ ಐಪಾಡ್, 2003ರ ಏಪ್ರಿಲಿನಲ್ಲಿ ಹಾಡೊಂದಕ್ಕೆ 99 ಸೆಂಟಿನ ಐಟ್ಯೂನ್ಸ್ ಅಂಗಡಿ ತೆರೆದಾಗಿತ್ತು. ಅಲ್ಲಿ ಕೊಂಡ ಹಾಡು ಬೇರೆ ಕಂಪನಿಯ ಪ್ಲೇಯರಿನಲ್ಲಿ ಓಡದಂತೆ ಬೀಗ. ನೂರು ಹಾಡು ಕೊಂಡವ ಪ್ಲೇಯರ್ ಬದಲಿಸಿದ್ರ ಆ ನೂರೂ ಹಾಡು ಹೋದವು. ಹಿಂಗಾಗಿ ಬದಲಿಸಲಿಲ್ಲ. ಅಮೆರಿಕದ ಮಾರುಕಟ್ಟೆಯ ಶೇ. 70ಕ್ಕೂ ಹೆಚ್ಚು ಪಾಲು ಐಪಾಡಿನದಾಯ್ತು. 2006ರಲ್ಲಿ ಬಂದ ಮೈಕ್ರೋಸಾಫ್ಟಿನ ಜೂನ್ ಐದು ವರ್ಷಕ್ಕೆ ಅಂಗಡಿ ಮುಚ್ಚಿತು. ಹಾಡಿನ ಬೀಗ ಆ್ಯಪಲ್ ತೆಗೆದದ್ದು 2009ರಲ್ಲಿ, ಗೆದ್ದಾದ ಮ್ಯಾಲೆ.

ಆ ಅಂಗಡಿ ಭಾರತದಲ್ಲಿ ತೆರೆದದ್ದು 2012ರ ಡಿಸೆಂಬರಿನಲ್ಲಿ. ನಮ್ಮ ಹಾನಗಲ್, ಸವಣೂರು, ಹಿರೇಕೆರೂರಿನಲ್ಲಿ ಅಷ್ಟೊತ್ತಿಗೆ ಆಟ ಮುಗಿದಿತ್ತು. ಮುಗಿಸಿದವರು ಯಾರು? ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯವರು. ನೋಕಿಯಾ ಇರಲಿ, ಮೈಕ್ರೋಮ್ಯಾಕ್ಸ್ ಇರಲಿ, ಚೈನಾ ಸೆಟ್ ಇರಲಿ, ಮೆಮೊರಿ ಕಾರ್ಡ್ ಕೊಟ್ರ ಹಾಡು ತುಂಬಿಸಿ ಕೊಡ್ತಿದ್ರು. ನಾನು ಹೈಸ್ಕೂಲಿನಾಗಿದ್ದಾಗ ಹತ್ತು-ಇಪ್ಪತ್ತು ರೂಪಾಯಿಗೆ ಕಾರ್ಡು ತುಂಬತಿತ್ತು. ಕಾರ್ಡು ಯಾವ ಫೋನಿಗಾದರೂ ಹೋಗತೈತಿ. ಐಪಾಡಿಗೆ ಮಾತ್ರ ಕಾರ್ಡ್ ಹಾಕೋ ಜಾಗನ ಇರಲಿಲ್ಲ. ಕಾನೂನಿನ ಪ್ರಕಾರ ಇದು ಕಳ್ಳ ನಕಲು, ಹಾಡಿದವರಿಗೆ ಒಂದು ಪೈಸೆ ಹೋಗಲಿಲ್ಲ, ಅದನ್ನು ನಾನು ಚಂದ ಅನ್ನೋದಿಲ್ಲ. ಆದರೆ ಆ ಕಂಪ್ಯೂಟರಿನಲ್ಲಿ ಸಿನಿಮಾ ಹಾಡಿನ ಪಕ್ಕದಲ್ಲೇ ಊರ ಭಜನಾ ಮ್ಯಾಳದ್ದು, ಜಾತ್ರಿ ನಾಟಕದ್ದು ರೆಕಾರ್ಡಿಂಗ್ ಇರ್ತಿದ್ವು. ಯಾವ ಕಂಪನಿಯೂ ಅವನ್ನ ಮಾರ್ತಿರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ತುಂಬಿಸೋ ಧಂದೆ ನಿಂತಿತು. ಮರುವರ್ಷ ಎಚ್‌ಎಂವಿಯ ವಾರಸುದಾರ ಸಾರೆಗಮ ಕಂಪನಿ 5000 ಹಾಡು ಮೊದಲೇ ತುಂಬಿಟ್ಟ ಕಾರವಾನ್ ಪೆಟ್ಟಿಗೆ ತಂದಿತು. ಪೆಟ್ಟಿಗೆನೂ ಅವರದು, ಹಾಡೂ ಅವರದು! 2022ರ ಮೇ 10ರಂದು ಆ್ಯಪಲ್ ಐಪಾಡಿಗೆ ವಿದಾಯ ಹೇಳಿತು. ನಮ್ಮೂರಿನವರಿಗೆ ಅದು ಪೇಪರಿನ ಸುದ್ದಿ ಅಷ್ಟ.

ಆ ಭಜನಾ ರೆಕಾರ್ಡಿಂಗುಗಳಿಗಾಗಿ ಈಗಿನ ಆ್ಯಪ್‌ಗಳಲ್ಲಿ ಹುಡುಕಿದೆ, ನಮ್ಮೂರದು ಒಂದೂ ಸಿಗಲಿಲ್ಲ. ನಿಮ್ಮ ಮನಿಯಾಗ ಹಳೇ ಕಾರ್ಡು ಇದ್ರ ಈ ವಾರನ ಹಾಕಿ ನೋಡ್ರಿ. ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದ ಕಾರ್ಡಿನೊಳಗಿಂದು ಅಳಿಸಿ ಹೋಗಬಹುದು. ಸಿಕ್ಕಿದ್ದನ್ನ ಕಂಪ್ಯೂಟರಿಗೆ ಇಳಿಸಿ, ಯಾರು ಹಾಡಿದ್ದು, ಯಾವ ಊರು ಅಂತ ಫೈಲಿನ ಹೆಸರಿನಾಗ ಬರೀರಿ.